ಮಾಮಾನ ಬೆರಳು

ಮೊನ್ನೆ ಡ್ಯೂಟಿಗೆ ಹೋದಾಗ ಕ್ಯಾಜುವಲ್ಟಿಯ ಬಾಗಿಲಲ್ಲೇ ಕೊಬ್ಬರಿ ಎಣ್ಣೆಯ ವಾಸನೆ. ಯಾರೋ ಮಗುವಿನ ತಲೆಗೆ ಧಾರಾಳವಾಗಿ ಹಚ್ಚಿ ಕರೆತಂದಿದ್ದರು, ಅಷ್ಟೇ. ನನಗೆ ಮಾತ್ರ ಅಕ್ಕಲಕೋಟದ ಗುರಸಿದ್ಧಪ್ಪ ಮಾಮಾ ನೆನಪಾಗಿ ನಗು ಬಂತು.

ನಾನು ತುರ್ತು ಚಿಕಿತ್ಸೆಯ ಡಾಕ್ಟರು. ಈ ಕಸುಬನ್ನು ಮಾಡುವುದಕ್ಕಿಂತ ಇನ್ನೊಬ್ಬರಿಗೆ ತಿಳಿಸಿ ಹೇಳುವುದೇ ಕಷ್ಟ. ಸೊಲ್ಲಾಪುರದಲ್ಲಿ ಚಾದರದ ವ್ಯಾಪಾರ ಮಾಡುವ ನನ್ನ ಅಪ್ಪ, ಮಗನ ಬಗ್ಗೆ ಯಾರು ಕೇಳಿದರೂ ‘ಕ್ಯಾಜುವಲ್ಟಿಯಾಗ ಅದಾನ’ ಎನ್ನುತ್ತಿದ್ದರು. ಕೇಳಿದವರ ಮುಖ ಸಣ್ಣದಾಗುತ್ತಿತ್ತು. ಒಬ್ಬರಂತೂ ಬಾಳೆಹಣ್ಣು ಹಿಡಿದು ನನ್ನನ್ನು ನೋಡಲು ಆಸ್ಪತ್ರೆಗೇ ಬಂದರು. ನಾನು ಎದ್ದು ಓಡಾಡುವುದನ್ನು ಕಂಡು ದೇವರಿಗೆ ಕೈಮುಗಿದರು.

ಇಂಥ ನನಗೆ ಅಕ್ಕಲಕೋಟದ ಸುನಂದಾಳ ಜೊತೆ ಸಂಬಂಧ ಕೂಡಿಬಂತು. ಸಾಖರಪುಡಾ, ಅಂದರೆ ನಿಶ್ಚಯ, ಅವರ ಮನೆಯಲ್ಲೇ. ಸ್ಟೀಲ್ ಪಾತ್ರೆಯ ಅಂಗಡಿಯ ಗುರಸಿದ್ಧಪ್ಪ ಅವಳ ಸೋದರಮಾವ. ಅವರು ಹೂಂ ಅನ್ನದೆ ಆ ಮನೆಯಲ್ಲಿ ಚಹಾ ಕೂಡ ಕುದಿಯುತ್ತಿರಲಿಲ್ಲ. ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

‘ನೀವು ಯಾವ ಭಾಗದ ಡಾಕ್ಟರ್ ಅದೀರಿ?’

‘ಭಾಗ ಅಂತಿಲ್ರಿ ಮಾಮಾ. ಬಂದದ್ದೆಲ್ಲಾ ನೋಡ್ತೀನ್ರಿ.’

‘ಹಂಗಂದ್ರ ಯಾವುದೂ ಪೂರಾ ಕಲ್ತಿಲ್ಲ ಅಂದಂಗಾತು.’

ಅಪ್ಪ ಕೆಮ್ಮಿದರು. ಮಾಮಾ ಈ ಸಂಬಂಧದ ಬಗ್ಗೆ ಇನ್ನೊಮ್ಮೆ ವಿಚಾರ ಮಾಡುವಂತೆ ಕಂಡಿತು. ವಿಚಾರ ಮಾಡುತ್ತಲೇ, ನನಗಾಗಿ ತಂದಿಟ್ಟಿದ್ದ ಉಂಗುರವನ್ನು ತೂಕ ನೋಡಲೆಂದು ತಮ್ಮ ಬೆರಳಿಗೆ ಏರಿಸಿದರು. ಏರಿತು. ಇಳಿಯಲಿಲ್ಲ.

ಸೋಪು ಬಂತು, ತುಪ್ಪ ಬಂತು, ಕೊನೆಗೆ ಕೊಬ್ಬರಿ ಎಣ್ಣೆಯ ಡಬ್ಬಿಯೇ ಬಂತು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕತ್ತರಿಸಿ ತೆಗೆಯೋಣವೆಂದು ಯಾರೋ ಅಂದರು. ಬೆರಳನ್ನೋ ಉಂಗುರವನ್ನೋ ಎಂದು ಹೇಳಲಿಲ್ಲವಾದ್ದರಿಂದ ಮಾಮಾ ಬೆವರಿದರು. ಉಂಗುರ ಗುರಸಿದ್ಧಪ್ಪನ ಕೈಯಲ್ಲಿದೆಯಲ್ಲ, ಹಾಗಾದರೆ ನಿಶ್ಚಯ ಯಾರಿಗೆ ಆದಂತಾಯಿತು ಎಂದು ಅಜ್ಜಿಯೊಬ್ಬರು ಗಂಭೀರವಾಗಿ ವಿಚಾರಿಸಿದರು.

ನಾನು ದಾರ ಕೇಳಿದೆ. ಸುನಂದಾ ಹೊಲಿಗೆ ಮಷಿನ್ನಿನ ದಾರದುಂಡೆ ತಂದುಕೊಟ್ಟಳು. ಉಪಾಯ ಹೊಸದೇನಲ್ಲ: ದಾರದ ತುದಿಯನ್ನು ಉಂಗುರದ ಕೆಳಗೆ ತೂರಿಸಿ, ಉಳಿದದ್ದನ್ನು ಬೆರಳಿಗೆ ಉಗುರಿನ ಕಡೆಗೆ ಬಿಗಿಯಾಗಿ ಸುತ್ತುವುದು, ಆಮೇಲೆ ತೂರಿಸಿದ ತುದಿಯಿಂದ ಬಿಚ್ಚುತ್ತ ಬಂದರೆ ಉಂಗುರ ತಾನಾಗಿ ಮುಂದೆ ಸರಿಯುತ್ತದೆ. ಹಾಗೇ ಸುತ್ತಿ, ಬಿಚ್ಚತೊಡಗಿದೆ. ಮಾಮಾ ಕಣ್ಣು ಮುಚ್ಚಿಕೊಂಡಿದ್ದರು. ಉಂಗುರ ಪಟ್ಟನೆ ಹಾರಿ, ಮಗ್ಗುಲಲ್ಲಿದ್ದ ಶಿರಾದ ಪಾತ್ರೆಯಲ್ಲಿ ಮುಳುಗಿತು.

ಸುನಂದಾ ಸೌಟಿನಿಂದ ಹುಡುಕಿ ತೆಗೆದಳು. ತೊಳೆಯಲೂ ಪುರಸೊತ್ತು ಕೊಡದೆ ನನ್ನ ಬೆರಳಿಗೆ ತೊಡಿಸಿ, ‘ಇನ್ನ ಯಾರೂ ತೂಕ ನೋಡಬ್ಯಾಡ್ರಿ’ ಎಂದಳು.

ನಮ್ಮ ಕೆಲಸದ ರೀತಿ ನೋಡಿ: ರೋಗಿ ಬರುತ್ತಾನೆ, ಚೇತರಿಸಿಕೊಳ್ಳುತ್ತಾನೆ, ವಾರ್ಡಿಗೋ ಮನೆಗೋ ಹೋಗುತ್ತಾನೆ, ಆಮೇಲೆ ಅವನ ಮುಖ ಮತ್ತೆ ಕಾಣುವುದಿಲ್ಲ. ಕಾಣುತ್ತಲೇ ಇರುವ ರೋಗಿ ಮಾಮಾ ಒಬ್ಬರೇ. ಪ್ರತಿ ಹಬ್ಬಕ್ಕೂ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತು ಆ ಬೆರಳನ್ನು ಮಡಚಿ, ಬಿಡಿಸಿ ತೋರಿಸುತ್ತಾರೆ. ಮೊದಮೊದಲು ಇದೇನು ಕಾಟವಪ್ಪಾ ಅನ್ನಿಸುತ್ತಿತ್ತು. ಈಗ ಅವರು ತೋರಿಸುವುದು ತಡವಾದರೆ ನಾನೇ ಕೇಳುತ್ತೇನೆ.

ಅದರ ಪರಿಣಾಮವಿರಬೇಕು. ಮೊನ್ನೆ ಕಾಲು ಉಳುಕಿದ್ದ ಮಂಗಳವೇಢೆಯ ಮುದುಕಿಯೊಬ್ಬರು ಪಟ್ಟಿ ಕಟ್ಟಿಸಿಕೊಂಡು ಹೊರಟಾಗ ನನ್ನ ಬಾಯಿಂದ, ‘ಮತ್ತ ಬರ್ರಿ ಆಯಿ’ ಎಂಬ ಮಾತು ಹೊರಬಿತ್ತು. ಸಿಸ್ಟರ್ ಹಣೆ ಚಚ್ಚಿಕೊಂಡರು. ಉಳುಕಿದ ಕಾಲಿನಲ್ಲೇ ಆಕೆ ಬಾಗಿಲು ದಾಟಿದ ವೇಗವನ್ನು ನೀವು ನೋಡಬೇಕಿತ್ತು.