ಮೂರು ಮಿಲಿಮೀಟರಿನ ವಾದ

ಮಾವನ ಕಾರು ಹಾಳಾದದ್ದು ನನ್ನ ಬಾಯಿಯಿಂದ ಎಂಬುದು ನಮ್ಮ ಮನೆಯ ಅಧಿಕೃತ ಕತೆ. ನಾಲ್ಕು ಜನ ಸೇರಿದಲ್ಲೆಲ್ಲ ಹೇಳುತ್ತಾರೆ: ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವಳು ಎಂಜಿನ್ನಿನ ಮೇಲೂ ಗೆಲ್ಲಲು ಹೋದಳು. ನಾನು ಒಪ್ಪುವುದಿಲ್ಲ. ಆಪಾದನೆಯಲ್ಲಿ ಅರ್ಧ ನಿಜವಿದೆ. ಉಳಿದರ್ಧ ಇವತ್ತಿಗೂ ಮಾವನ ಅಡುಗೆಕೋಣೆಯಲ್ಲಿ ಆರಾಮಾಗಿ ಓಡಾಡಿಕೊಂಡಿದೆ.

ಮಾವ ಎಂದರೆ ಅಮ್ಮನ ತಮ್ಮ. ಉಡುಪಿ ಕಡೆಯವರು, ಮುಂಬಯಿಯ ಮಾಟುಂಗದಲ್ಲಿ ಹೋಟೆಲು, ಅಲ್ಲೇ ಹಿಂದಿನ ಬಿಲ್ಡಿಂಗಿನಲ್ಲಿ ಮನೆ. ಅವರ ಬಳಿ ಅಜ್ಜನ ಕಾಲದ ವಿದೇಶಿ ಕಾರೊಂದಿತ್ತು. ಟಾಪು, ಮಡ್‌ಗಾರ್ಡು ಬಿಚ್ಚಿಸಿ, ಕೆಂಪು ಬಣ್ಣ ಹೊಡೆಸಿ ಅದನ್ನು ರೇಸಿನವರ ಭಾಷೆಯಲ್ಲಿ ಹಾಟ್ ರಾಡ್ ಎನ್ನುತ್ತಿದ್ದರು. ಅತ್ತೆ ಅದನ್ನು ಆ ತಗಡು ಎನ್ನುತ್ತಿದ್ದರು.

ಹಳೆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಿದ ಮೇಲೆ ಪಾರ್ಕಿಂಗ್ ಎರಡನೇ ಮಹಡಿಗೆ ಹೋಯಿತು. ರ‍್ಯಾಂಪು ಬಹಳ ಕಡಿದಾಗಿತ್ತು. ಕಾರು ಅದರ ತಿರುವಿನಲ್ಲಿ ಮೂರು ಸಲ ನಿಂತು, ಮೂರು ಸಲವೂ ಬಿಲ್ಡಿಂಗಿನವರೆಲ್ಲ ಹಾರ್ನ್ ಬಾರಿಸಿದರು. ಸೊಸೈಟಿ ಸೆಕ್ರೆಟರಿ ನೋಟಿಸು ಅಂಟಿಸಿದರು: ತಿಂಗಳ ಕೊನೆಯ ಭಾನುವಾರ ಈ ಗಾಡಿ ಎಲ್ಲರೆದುರು, ಯಾರೂ ತಳ್ಳದೆ ಮೇಲೇರಬೇಕು. ಏರದಿದ್ದರೆ ಅದಕ್ಕೆ ಇಲ್ಲಿ ಜಾಗವಿಲ್ಲ.

"ಎಂಜಿನಿಗೆ ಸ್ವಲ್ಪ ದಮ್ಮು ತುಂಬಿಸಿದ್ರೆ ಆಯ್ತು ಮಾರಾಯ್ತಿ," ಎಂದು ಮಾವ ನನ್ನನ್ನು ಧಾರಾವಿಯ ಒಂದು ಗ್ಯಾರೇಜ್ ಶೆಡ್ಡಿಗೆ ಕರೆದೊಯ್ದರು. ಅಲ್ಲಿನ ಮೇಸ್ತ್ರಿ ವಿಜಯಪುರದವರು. ಎಂಜಿನ್ನು ನಾಲ್ಕು ಸಿಲಿಂಡರಿನ ಫ್ಲಾಟ್‌ಹೆಡ್: ವಾಲ್ವುಗಳು ಪಕ್ಕದಲ್ಲಿ ಮುಖ ಮೇಲೆ ಮಾಡಿ ಕೂತಿರುತ್ತವೆ, ಅವುಗಳ ಮೇಲೆ ಹೆಡ್ ಎಂಬ ಕಬ್ಬಿಣದ ಮುಚ್ಚಳ. ಮುಚ್ಚಳದ ತಳ ತೇಯಿಸಿದರೆ ಒಳಗಿನ ಜಾಗ ಕಿರಿದಾಗಿ, ಗಾಳಿ-ಪೆಟ್ರೋಲು ಒತ್ತಿಕೊಂಡು, ಎಂಜಿನ್ನಿನ ಜೋರು ಹೆಚ್ಚುತ್ತದೆ. ಅತಿಯಾಗಿ ತೇಯಿಸಿದರೆ ವಾಲ್ವು ಎದ್ದಾಗಲೆಲ್ಲ ಮುಚ್ಚಳಕ್ಕೆ ತಲೆ ಚಚ್ಚಿಕೊಳ್ಳುತ್ತದೆ.

"ಒಂದೂವರಿ ಮಿಲಿಮೀಟರ್ ತೆಗಿತೀನ್ರಿ. ಹೆಚ್ಚಿಗಿ ಕೇಳಬ್ಯಾಡ್ರಿ," ಎಂದರು ಮೇಸ್ತ್ರಿ.

"ಮೂರು ಯಾಕಾಗಬಾರದು?" ಎಂದೆ.

"ಕೈ ಹೇಳ್ತೈತಿ, ತಂಗಿ."

"ಕೈ ಹೇಳೋದು ಸಾಕ್ಷಿ ಅಲ್ಲ. ಅಳತೆ ಎಲ್ಲಿ?"

ಮೇಸ್ತ್ರಿ ಮಾವನತ್ತ ತಿರುಗಿದರು. "ಈಕಿ ವಕೀಲಕಿ ಏನ್ರಿ?"

"ಅಲ್ಲ, ಸುಮ್ನೆ ಹೀಗೇ," ಎಂದರು ಮಾವ.

ಅಳತೆಯ ಉಪಾಯ ಮೇಸ್ತ್ರಿಯದೇ. ಗಟ್ಟಿಯಾಗಿ ನಾದಿದ ಚಪಾತಿ ಹಿಟ್ಟು ತರಬೇಕು. ಅದರ ಉಂಡೆಯನ್ನು ವಾಲ್ವಿನ ಮೇಲಿಟ್ಟು, ಹೆಡ್ ಬಿಗಿದು, ಎಂಜಿನ್ನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಬಿಚ್ಚಬೇಕು. ಹಿಟ್ಟು ಎಷ್ಟು ದಪ್ಪ ಉಳಿಯಿತೋ, ವಾಲ್ವು ಎದ್ದಾಗ ಅಷ್ಟು ಸಂದಿ ಇದೆ ಎಂದು ಲೆಕ್ಕ. ಆ ರಾತ್ರಿ ಊಟಕ್ಕೆ ಕೂತಾಗ ಮಾವ ಇದನ್ನೆಲ್ಲ ಅತ್ತೆಗೆ ಸೌಟು, ಲೋಟ ಇಟ್ಟು ವಿವರಿಸಿದರು. ಅತ್ತೆ ಎಂದೂ ಇಲ್ಲದ ಗಮನದಿಂದ ಕೇಳಿದರು. ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಹಿಟ್ಟು ಸಿದ್ಧವಿತ್ತು.

ಹಿಟ್ಟಿಟ್ಟು, ಬಿಗಿದು, ತಿರುಗಿಸಿದ್ದಾಯಿತು. ಮೇಸ್ತ್ರಿ ಬಿಚ್ಚಲು ಪಾನಾ ಎತ್ತಿದರು. ಅಷ್ಟರಲ್ಲಿ ಮಾವ, "ಕಾರ್ಬುರೇಟರ್ ಎರಡು ಹಾಕುವಾ," ಎಂದರು. ಒಂದೇ ಸಾಕು ಎಂದೆ. ನನ್ನ ಪಾಲಿನ ಅರ್ಧ ತಪ್ಪು ಇದೇ. ಮೇ ತಿಂಗಳು, ತಗಡಿನ ಶೆಡ್ಡು, ಮೂರು ಸುತ್ತು ಕಟಿಂಗ್ ಚಾ, ಎರಡು ಗಂಟೆ. ಮೇಸ್ತ್ರಿ ಪಾನಾ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತುಬಿಟ್ಟರು. ನಾನೇ ಗೆದ್ದೆ.

ಬಿಚ್ಚಿ ನೋಡಿದರೆ ಹಿಟ್ಟು ಐದು ಮಿಲಿಮೀಟರ್ ದಪ್ಪ.

"ಇಷ್ಟು ಜಾಗ ಇರಾಕ ಸಾಧ್ಯ ಇಲ್ರಿ," ಎಂದರು ಮೇಸ್ತ್ರಿ.

"ಕಣ್ಣೆದುರಿಗೇ ಇದೆಯಲ್ಲ! ಐದರಲ್ಲಿ ಮೂರು ಕಳೆದರೆ ಇನ್ನೂ ಎರಡು ಉಳಿಯುತ್ತೆ. ತೇಯಿಸಿ."

ತೇಯಿಸಿದರು. ಹಿಟ್ಟು ಬಾಳೆಹಣ್ಣಿನ ವಾಸನೆ ಹೊಡೆಯುತ್ತಿತ್ತು ನಿಜ. ಆದರೆ ಸದಾ ಬಾಳೆಗೊನೆ ತೂಗುವ ಮಾವನ ಮನೆಯಲ್ಲಿ ಛತ್ರಿಯೂ ಅದೇ ವಾಸನೆ ಹೊಡೆಯುವುದರಿಂದ ನಾನದನ್ನು ಸಾಕ್ಷಿಯಾಗಿ ಪರಿಗಣಿಸಲಿಲ್ಲ.

ಭಾನುವಾರ ಇಡೀ ಬಿಲ್ಡಿಂಗ್ ಕೆಳಗಿಳಿದಿತ್ತು. "ಚಲೋ ಸೇಟ್, ದಿಖಾವೋ," ಎಂದರು ಸೆಕ್ರೆಟರಿ. ಕಾರು ಗುಡುಗಿತು. ಮೊದಲ ಅರ್ಧ ರ‍್ಯಾಂಪನ್ನು ಅದು ಏರಿದ ರಭಸಕ್ಕೆ ಸೆಕ್ರೆಟರಿಯೇ ಎರಡು ಹೆಜ್ಜೆ ಹಿಂದೆ ಸರಿದರು. ಮಾವ ಒಂದು ಕೈ ಎತ್ತಿ ಮೆರವಣಿಗೆಯ ಮಂತ್ರಿಯಂತೆ ಬೀಸಿದರು. ತಿರುವಿನಲ್ಲಿ, ಟಕ್. ಆಮೇಲೆ ಟಕಟಕಟಕ. ತಣ್ಣಗಿದ್ದಾಗ ಉಳಿದಿದ್ದ ಕೂದಲೆಳೆಯ ಸಂದಿಯೂ ಎಂಜಿನ್ ಬಿಸಿಯಾಗುತ್ತಲೇ ಹೋಗಿ, ವಾಲ್ವು ಮುಚ್ಚಳಕ್ಕೆ ಬಡಿಯುತ್ತಿತ್ತು. ಕಾರು ನಿಂತು, ಯೋಚಿಸಿ, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಮಾವನ ಕೈ ಇನ್ನೂ ಮೇಲೆಯೇ ಇತ್ತು.

ಮರುದಿನ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಹೋದಾಗ, ಅಳತೆಗೆಂದು ಎತ್ತಿಟ್ಟಿದ್ದ ಹಿಟ್ಟಿನ ತುಣುಕನ್ನು ಮೇಸ್ತ್ರಿ ಮುರಿದು ತೋರಿಸಿದರು. ಒಳಗೆಲ್ಲ ತೂತು ತೂತು. "ಇದು ಚಪಾತಿ ಹಿಟ್ಟಲ್ರಿ. ಉಬ್ಬೈತಿ."

ಬನ್ಸ್ ಹಿಟ್ಟು! ಬಾಳೆಹಣ್ಣು, ಮೊಸರು, ಸೋಡಾ ಹಾಕಿ ಕಲಸಿದ್ದು. ನಾನು ಕಾರ್ಬುರೇಟರ್ ಬಗ್ಗೆ ವಾದಿಸುತ್ತಿದ್ದ ಆ ಎರಡು ಗಂಟೆ ಅದು ಎಂಜಿನ್ನಿನೊಳಗೆ ಕೂತು ನಿಧಾನವಾಗಿ ಉಬ್ಬುತ್ತಿತ್ತು. ಮೇಸ್ತ್ರಿಯ ಒಂದೂವರೆಯೇ ಸರಿಯಾಗಿತ್ತು. ಅವರಿಗೆ ಹಾಗೆಂದು ಹೇಳಿದೆ ಕೂಡ. "ಇರಲಿ ತಂಗಿ, ಅಳತಿ ಮಾಡಿ ನೋಡಿದ್ವಲ್ಲ," ಎಂದರು. ನನಗೆ ಅಷ್ಟು ಚೆನ್ನಾಗಿ ಯಾವ ಎದುರಾಳಿಯೂ ಉತ್ತರಿಸಿಲ್ಲ.

ಕಾರು ಈಗ ಧಾರಾವಿಯ ಶೆಡ್ಡಿನಲ್ಲಿದೆ. ಮಾವ ಭಾನುವಾರ ಹೋಗಿ ಒರೆಸಿ, ಸೀಟಿನಲ್ಲಿ ಅರ್ಧ ಗಂಟೆ ಕೂತು ಬರುತ್ತಾರೆ. ಬಿಲ್ಡಿಂಗಿನಲ್ಲಿ ಅದು ನಿಲ್ಲಬೇಕಿದ್ದ ಜಾಗದಲ್ಲಿ ಅತ್ತೆಯ ಹೊಸ ಸ್ಕೂಟರ್ ನಿಂತಿದೆ. ಅದನ್ನು ಬುಕ್ ಮಾಡಿದ್ದು ಆ ಭಾನುವಾರಕ್ಕಿಂತ ಹತ್ತು ದಿನ ಮೊದಲು. ರಶೀದಿಯ ತಾರೀಕು ನಾನು ನೋಡಿದ್ದೇನೆ.

ಕಳೆದ ವಾರ ಅತ್ತೆ ಬನ್ಸ್ ಕರಿಯುತ್ತಿದ್ದರು. ಬಾಣಲೆಯಲ್ಲಿ ಒಂದೊಂದೇ ಉಬ್ಬಿ ಮೇಲೇಳುತ್ತಿತ್ತು. ಇನ್ನು ತಡೆಯಲಾಗದೆ ಕೇಳಿಯೇ ಬಿಟ್ಟೆ:

"ಅತ್ತೆ, ಅವತ್ತು ಚಪಾತಿ ಹಿಟ್ಟೂ ನಾದಿಟ್ಟಿದ್ರಿ ಅಲ್ವಾ, ಫ್ರಿಜ್ಜಿನಲ್ಲಿ, ಬನ್ಸ್ ಹಿಟ್ಟಿನ ಪಕ್ಕದಲ್ಲೇ?"