ಬಾಯಿ ಬಿಟ್ಟ ಮೀನು

ವಿಸಿಟ್ ವೀಸಾದಲ್ಲಿ ಸೌದಿಯ ಖತೀಫಿಗೆ ಬಂದ ಉಮ್ಮನಿಗೆ ನಮ್ಮ ಫ್ಲ್ಯಾಟಿನಲ್ಲಿ ಮಾಡಲು ಏನೂ ಇರಲಿಲ್ಲ. ಅತ್ತೆಗೆ ವಿಶ್ರಾಂತಿ ಕೊಡಬೇಕೆಂದು ನನ್ನ ಹೆಂಡತಿ ಅವರನ್ನು ಅಡುಗೆಮನೆಗೇ ಬಿಡುತ್ತಿರಲಿಲ್ಲ. ಅವಳ ಒಳ್ಳೆಯತನವೇ ಅವರಿಗೆ ಶಿಕ್ಷೆಯಾಗಿತ್ತು. ಕೆಲಸದಿಂದ ಬಂದ ನನ್ನನ್ನು ದಿನವೂ "ತಿಂದ್ಯಾ" ಎಂದು ಕೇಳುವುದೊಂದೇ ಅವರಿಗೆ ಉಳಿದಿತ್ತು. ಮಕ್ಕಳು ಅಜ್ಜಿಯ ಬ್ಯಾರಿ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಎಸೆದು ಓಡುತ್ತಿದ್ದರು. ಹೊರಗೆ ಕಾಲಿಡಲಾಗದ ಬಿಸಿಲು. ಕೊನೆಗೆ ಅವರಿಗೆ ಜೊತೆಯಾದದ್ದು ಮಕ್ಕಳು ಹಟಮಾಡಿ ತರಿಸಿ ಆಮೇಲೆ ಮರೆತಿದ್ದ ಒಂದು ಗೋಲ್ಡ್‌ಫಿಶ್. ಉಮ್ಮ ಗಾಜಿನ ತೊಟ್ಟಿಯ ಎದುರು ಕುರ್ಚಿ ಎಳೆದುಕೊಂಡರೆ ಸಾಕು, ಅದು ಬಾಲ ಆಡಿಸುತ್ತ ಹತ್ತಿರ ಬರುತ್ತಿತ್ತು. ಆ ಮನೆಯಲ್ಲಿ ಅವರನ್ನು ಕಂಡು ಹಾಗೆ ಓಡಿ ಬರುವವರು ಬೇರೆ ಯಾರೂ ಇರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಊರಿನ ಮಸೀದಿಯ ಕೆರೆಗೆ ಅನ್ನದ ಅಗುಳು ಎಸೆದರೆ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಅದನ್ನು ನೋಡಿ ಬೆಳೆದ ನಮಗೆಲ್ಲ ಬಾಯಿ ಬಿಟ್ಟ ಮೀನೆಂದರೆ ಹಸಿದ ಮೀನು. ಹಾಗಾಗಿ ಇದು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದಾಗ ಉಮ್ಮನಿಗೆ ಖುಷಿಯೋ ಖುಷಿ. ಡಬ್ಬದ ಕಾಳು ಸಾಲದೆಂದು ಖುಬ್ಬೂಸ್ ರೊಟ್ಟಿಯ ಚೂರು, ಅನ್ನ, ಒಮ್ಮೆ ಅಕ್ಕಿಪುಂಡಿಯ ತುಂಡು ಕೂಡ ಹಾಕಿದರು. ನೀರು ಮಬ್ಬಾಯಿತು. ಮಂಡಿನೋವೆಂದು ಉಮ್ಮ ಹಗಲಲ್ಲಿ ಎಸಿ ಆರಿಸುತ್ತಿದ್ದುದರಿಂದ ಅದು ಬೆಚ್ಚಗೂ ಇರುತ್ತಿತ್ತು. ಉಮ್ಮನ ಕೈಗುಣಕ್ಕೆ ಮೀನಿನ ಹಸಿವೇ ಹೆಚ್ಚಿತೆಂದು ನಾನೂ ತಮಾಷೆ ಮಾಡಿದೆ.

ರಾಸ್ ತನೂರಾದಲ್ಲಿ ನನ್ನ ಕೆಲಸವೇನೆಂದರೆ, ಎಣ್ಣೆಯ ಟ್ಯಾಂಕು ತೊಳೆಯಲು ಆಳುಗಳು ಒಳಗಿಳಿಯುವ ಮೊದಲು ಅಲ್ಲಿ ಉಸಿರಾಡಲು ಗಾಳಿ ಇದೆಯೇ ಎಂದು ಅಳೆದು ನೋಡುವುದು. ಅಂಥವನಿಗೂ ವಿಷಯ ಹೊಳೆದದ್ದು ಒಂದು ಬೆಳಿಗ್ಗೆ, ಉಮ್ಮ ಕೋಣೆಯೊಳಗೆ ನಮಾಜಿನಲ್ಲಿದ್ದಾಗ. ಕುರ್ಚಿ ಖಾಲಿ ಇತ್ತು. ಎದುರಿಗೆ ಯಾರೂ ಇಲ್ಲದಿದ್ದರೂ ಮೀನು ಮೇಲೆಯೇ ನಿಂತು ಬಾಯಿ ಬಿಡುತ್ತಿತ್ತು, ಕಿವಿರುಗಳು ಜೋರಾಗಿ ಬಡಿದುಕೊಳ್ಳುತ್ತಿದ್ದವು. ಅದು ಯಾರಲ್ಲೂ ಏನನ್ನೂ ಬೇಡುತ್ತಿರಲಿಲ್ಲ. ಅದಕ್ಕೆ ಉಸಿರು ಕಟ್ಟುತ್ತಿತ್ತು.

ಸಂಜೆ ಸಾಕುಮೀನಿನ ಅಂಗಡಿಗೆ ಹೋದರೆ, ಅಲ್ಲಿಯವನು ಇದನ್ನು ಬಿಟ್ಟು ಹೊಸದು ಒಯ್ಯಿರಿ ಎಂದ. ಸಿಟ್ಟು ಬಂತು. ಗಾಳಿಯ ಪಂಪ್ ಕೊಂಡುಬಂದೆ. ಬೇಸಿಗೆಯಲ್ಲಿ ಇಲ್ಲಿ ತಣ್ಣೀರಿನ ನಲ್ಲಿಯಲ್ಲೂ ಕೈ ಸುಡುವ ನೀರೇ ಬರುವುದರಿಂದ ಬಕೆಟ್ಟಿನಲ್ಲಿ ಹಿಡಿದು, ಆರಿಸಿ, ಸ್ವಲ್ಪ ಸ್ವಲ್ಪವೇ ಬದಲಿಸಿದೆ. ಏನೂ ಹಾಕಬೇಡಿ, ಅದರ ಹೊಟ್ಟೆ ಕೆಟ್ಟಿದೆ ಎಂದು ಉಮ್ಮನಿಗೆ ಹೇಳಿದೆ. ಉಸಿರಿನ ಮಾತೆತ್ತಿದರೆ ನೀರು ಕೆಟ್ಟದ್ದು ಹೇಗೆಂದು ಕೇಳುತ್ತಿದ್ದರು. ನೀವು ಹಾಕಿದ ಅನ್ನವೇ ಕೊಳೆತು ನೀರು ಕೆಡಿಸಿತೆಂದು ಹೇಗೆ ಹೇಳಲಿ?

ಉಮ್ಮ ಮಾತು ಮೀರಲಿಲ್ಲ. ಆದರೆ ಕಾಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತೊಟ್ಟಿಯ ಎದುರೇ ಕೂತಿರುತ್ತಿದ್ದರು.

"ಬಾಯಿ ಬಿಡ್ತಾ ಉಂಟು ಮೋನೆ. ನನ್ನ ಮುಖವೇ ನೋಡ್ತಾ ಉಂಟು. ಒಂದು ಕಾಳು ಹಾಕ್ಲಾ?"

ಬೇಡವೆಂದೆ. ಪಂಪ್ ಗುಳುಗುಳು ಎನ್ನುತ್ತಲೇ ಇತ್ತು, ಮೀನು ಮಾತ್ರ ತಳಕ್ಕೆ ಇಳಿದು ಒಂದು ಮಗ್ಗುಲಿಗೆ ವಾಲಿತು. ಟ್ಯಾಂಕಿನಲ್ಲಾದರೆ ಆಳನ್ನು ಮೇಲಕ್ಕೆ ಎಳೆದುಕೊಳ್ಳಬಹುದು. ಇದನ್ನು ಎಲ್ಲಿಗೆ ಎಳೆಯುವುದು?

ಶುಕ್ರವಾರ ಜುಮಾ ಮುಗಿಸಿ ಬರುವಷ್ಟರಲ್ಲಿ ಅದು ಸತ್ತಿತ್ತು. ಊಟಕ್ಕೆ ಕೂತ ಉಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ಹಸಿದುಕೊಂಡೇ ಹೋಯ್ತಲ್ಲ ಅದು," ಎಂದರು.

ನಿಜ ಹೇಳಲು ಅದೊಂದೇ ಗಳಿಗೆ ಇದ್ದದ್ದು. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

"ಹೌದು ಉಮ್ಮ. ಹಾಕಬೇಡಿ ಅಂತ ಹೇಳಿದ್ದು ನಾನೇ ಅಲ್ವಾ."

ಉಮ್ಮ ಎದ್ದು ಕೈ ತೊಳೆದರು. ವೀಸಾ ಮುಗಿದು ಊರಿಗೆ ಹೊರಡುವವರೆಗೂ, ಕೆಲಸದಿಂದ ಬಂದ ನನ್ನನ್ನು ಅವರು ಒಮ್ಮೆಯೂ "ತಿಂದ್ಯಾ" ಎಂದು ಕೇಳಲಿಲ್ಲ.