ಟಗರಿನ ಗುರುತು

ನನ್ನ ಗಂಡನಿಗೆ ಮಟನ್ ತಿನ್ನಲು ಬರುತ್ತದೆ, ತರಲು ಬರುವುದಿಲ್ಲ. ಅಂಗಡಿಯ ಕೊಕ್ಕೆಗೆ ತೂಗುಹಾಕಿದ್ದನ್ನು ಕಂಡರೆ ತಲೆ ತಿರುಗುತ್ತದಂತೆ. ಹಾಗಾಗಿ ನಾನು ಅಫಜಲಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲೇ ಅತ್ತೆ ನನ್ನನ್ನು ಮಟನ್ ಅಂಗಡಿಗೆ ಕರೆದುಕೊಂಡು ಹೋಗಿ, ಏನು ನೋಡಬೇಕು ಎಂದು ಕಲಿಸಿದರು. ಮೊದಲು ಬಾಲ. ನಮ್ಮ ಕಡೆ ಚರ್ಮ ಸುಲಿದ ಮೇಲೂ ಬಾಲದ ತುದಿಗೆ ಒಂದಿಷ್ಟು ಕೂದಲು ಬಿಟ್ಟಿರುತ್ತಾರೆ, ಕುರಿಯೋ ಆಡೋ ಎಂದು ಗಿರಾಕಿಗೆ ತಿಳಿಯಲಿ ಎಂದು. ಆಮೇಲೆ ಹಿಂಗಾಲುಗಳ ನಡುವೆ. ಗಂಡಾದರೆ ಅದರ ಬೀಜವನ್ನು ಕತ್ತರಿಸದೆ ಹಾಗೇ ಬಿಟ್ಟಿರುತ್ತಾರೆ. ಬೋರ್ಡು ಬೇಡ, ಚೀಟಿ ಬೇಡ, ಅದೇ ಗುರುತು.

ಬೇರೆಯವರಿಗೆ ಇದು ರುಚಿಯ ಮಾತು. ಅತ್ತೆಗೆ ಹಾಗಲ್ಲ. ಮನೆಯಲ್ಲಿ ಬಸುರಿ ಇದ್ದರೆ ಹೆಣ್ಣು ಪ್ರಾಣಿಯ ಮಾಂಸ ಒಲೆಯ ಮೇಲೆ ಏರಕೂಡದು. ಅದೂ ಬಸುರಾಗಿದ್ದಿರಬಹುದು, ಅದರ ಸಂಕಟ ಇವಳಿಗೆ ತಾಗುತ್ತದೆ ಎನ್ನುತ್ತಿದ್ದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಅವರೆದುರು ಹೂಂ ಎಂದು, ಅಡುಗೆಮನೆಗೆ ಬಂದು ನಗುತ್ತಿದ್ದೆ. ಆದರೆ ನಕ್ಕೆನೇ ಹೊರತು ಆ ನಿಯಮವನ್ನು ಎಂದೂ ಮುರಿಯಲಿಲ್ಲ. ಅತ್ತೆ ತೀರಿಕೊಂಡ ಮೇಲೆ, ಮಗಳು ಜೇವರ್ಗಿಯ ಗಂಡನ ಮನೆಯಲ್ಲಿ ಬಸುರಾದಾಗ, ಟಗರಿನ ಕಲೀಜಿ, ಅಂದರೆ ಈಲಿ, ಹುರಿದು ಡಬ್ಬಿಗೆ ತುಂಬಿಕೊಂಡು ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ.

ಅವಳಿಗೆ ಎರಡು ಸಲ ಬಸುರು ನಿಲ್ಲಲಿಲ್ಲ. ಎರಡನೆಯದಂತೂ ಆರು ತಿಂಗಳು ತುಂಬಿದ ಮೇಲೆ ಹೋಯಿತು. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಮೂರನೆಯ ಸಲ ಏಳು ತುಂಬುತ್ತಲೇ ಅವಳನ್ನು ನಮ್ಮ ಮನೆಗೆ ಕರೆತಂದೆವು. ರಕ್ತ ಕಮ್ಮಿ ಇದೆ ಎಂದು ಕಲಬುರಗಿಯ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆಯ ಜೊತೆಗೆ ನನ್ನ ಕಲೀಜಿಯೂ ಇರಲಿ ಎಂದುಕೊಂಡೆ. ಆ ಭಾನುವಾರ ನೋಡಿದರೆ ನಮ್ಮ ಕಾಯಂ ಅಂಗಡಿಗೆ ಬೀಗ. ಅಂಗಡಿಯ ಕಾಕಾ ಆಳಂದಕ್ಕೆ ಬೀಗರ ಮನೆಯ ಮದುವೆಗೆ ಹೋಗಿದ್ದ. ಕಲಬುರಗಿ ರಸ್ತೆಯಲ್ಲಿ ಹೊಸದೊಂದು ಅಂಗಡಿ ಆಗಿದೆ: ಗಾಜಿನ ಬಾಗಿಲು, ಒಳಗೆ ಎಸಿ, ತಣ್ಣನೆಯ ಪೆಟ್ಟಿಗೆಯಲ್ಲಿ ಸಾಲಾಗಿ ಪ್ಯಾಕೆಟ್ಟು. ಒಂದು ನೊಣ ಇಲ್ಲ, ಒಂದು ಹನಿ ರಕ್ತ ಇಲ್ಲ. ನನಗೆ ಖುಷಿಯೇ ಆಯಿತು ಅನ್ನಿ. ಒಂದು ಕಲೀಜಿ, ಒಂದು ಸೂಪಿನ ತುಂಡು ಎತ್ತಿಕೊಂಡೆ. ಚೀಟಿಯಲ್ಲಿ ತೂಕ ಇತ್ತು, ಪ್ಯಾಕ್ ಮಾಡಿದ ದಿನ ಇತ್ತು, ಎಷ್ಟು ತಂಪಿನಲ್ಲಿ ಇಡಬೇಕು ಎಂಬುದೂ ಇತ್ತು. ಇಷ್ಟೆಲ್ಲ ಓದಿದ ಮೇಲೆ ನೋಡುವುದು ಇನ್ನೇನೂ ಉಳಿದಿಲ್ಲ ಅನಿಸಿಬಿಟ್ಟಿತು.

ಕಲೀಜಿ ಹುರಿದು ಮಗಳಿಗೆ ಬಿಸಿಬಿಸಿ ರೊಟ್ಟಿಯ ಜೊತೆ ಕೊಟ್ಟೆ. ತಟ್ಟೆ ಖಾಲಿ ಮಾಡಿ ಮಲಗಿದಳು. ಆಮೇಲೆ ಸೂಪಿಗೆಂದು ಎರಡನೆಯ ಪ್ಯಾಕೆಟ್ ಒಡೆದು ಬೋಗುಣಿಗೆ ಸುರಿದೆ. ತೊಳೆಯುವಾಗ ಕೈಗೊಂದು ತುಂಡು ಸಿಕ್ಕಿತು. ಬಿಳಿ, ಮೆತ್ತಗೆ, ಒತ್ತಿದರೆ ತಗ್ಗುತ್ತಿತ್ತು. ತಿರುಗಿಸಿ ನೋಡಿದೆ. ಮೊಲೆತೊಟ್ಟು ಹಾಗೇ ಇತ್ತು.

ಕೆಚ್ಚಲು.

ಎರಡು ಪ್ಯಾಕೆಟ್ಟೂ ಒಂದೇ ಪ್ರಾಣಿಯದು ಎಂದು ಯಾರು ಹೇಳಿದರು ಎಂದು ನನ್ನನ್ನೇ ಗದರಿಸಿಕೊಂಡೆ. ಯಾವ ಪುಸ್ತಕದಲ್ಲಿದೆ ಇದು ಎಂದು ಕೇಳಿಕೊಂಡೆ. ಪಾಠ ಮಾಡುವ ಆ ಹೆಂಗಸು ನನ್ನೊಳಗೆ ಬಾಯಿ ಬಡಿದುಕೊಳ್ಳುತ್ತಿದ್ದಳು, ಕೇಳುವವರು ಯಾರೂ ಇರಲಿಲ್ಲ. ಅಷ್ಟನ್ನೂ ಹಿತ್ತಲ ಬೆಕ್ಕಿಗೆ ಚೆಲ್ಲಿ, ಸೀರೆಗೆ ಕೈ ಒರೆಸಿಕೊಂಡು ಆ ಗಾಜಿನ ಅಂಗಡಿಗೆ ಓಡಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವನು ಸಭ್ಯಸ್ಥ. ಮಾಲು ಕಲಬುರಗಿಯಿಂದ ಪ್ಯಾಕ್ ಆಗಿಯೇ ಬರುತ್ತದೆ, ಗಂಡೋ ಹೆಣ್ಣೋ ತನಗೆ ಗೊತ್ತಾಗುವುದಿಲ್ಲ, ಇದುವರೆಗೆ ಯಾರೂ ಕೇಳಿಲ್ಲ ಎಂದ. ಬೇಕಾದರೆ ಬದಲಿಸಿ ಕೊಡುತ್ತೇನೆ ಎಂದೂ ಹೇಳಿದ. ಹೊಟ್ಟೆಗೆ ಹೋದದ್ದನ್ನು ಯಾವನು ಬದಲಿಸಿ ಕೊಡುತ್ತಾನೆ?

ಮನೆಗೆ ಬಂದರೆ ಮಗಳು ಎದ್ದು ಕೂತಿದ್ದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು.

“ಅವ್ವಾ, ಭಾಳ ಹೊತ್ತಾತು, ಕೂಸು ಮಿಸುಕಾಡಿಲ್ಲ,” ಎಂದಳು.

ಅಲ್ಲಿಯ ತನಕ ಅಂಥ ಹೆದರಿಕೆ ನಾನು ಕಂಡಿರಲಿಲ್ಲ. ಗಂಡ ಪಕ್ಕದ ಮನೆಯವರ ಕಾರು ಕೇಳಿ ತಂದರು, ಕಲಬುರಗಿಗೆ ಹೊರಟೆವು. ಚೌಡಾಪುರ ದಾಟುವಷ್ಟರಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರು ಎಳೆದುಕೊಂಡು ನಡುರಸ್ತೆಯಲ್ಲಿ ತೆವಳುತ್ತಿತ್ತು. ಹಾರ್ನು ಹೊಡೆದರೂ ಸರಿಯಲಿಲ್ಲ, ಡ್ರೈವರ್ ಅದೇನೋ ಹಾಡು ಹಚ್ಚಿಕೊಂಡಿದ್ದ. ಬಾಯಿಗೆ ಬಂದಹಾಗೆ ಬೈದೆ. ಬೈಯುವಾಗಲಾದರೂ ಉಸಿರು ಆಡುತ್ತಿತ್ತು. ಗೊಬ್ಬೂರಿನ ತನಕ ಅವನ ಹಿಂದೆಯೇ ಹೋದೆವು. ಮಗಳು ಕಿಟಕಿಯ ಕಡೆ ಮುಖ ಮಾಡಿದ್ದಳು. ನಾನು ಅವಳ ಹೊಟ್ಟೆಯ ಮೇಲೆ ಕೈ ಇಡಲು ಹೋಗಿ ಇಡಲಿಲ್ಲ. ಅದೇ ಕೈಯಲ್ಲಿ ಆ ತುಂಡನ್ನು ಹಿಡಿದಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಯಂತ್ರ ಒತ್ತಿದರು. ಒಂದು ಕಡೆ ಗೊರಗೊರ, ಇನ್ನೊಂದು ಕಡೆಯೂ ಗೊರಗೊರ. ಅವರು ಜಾಗ ಬದಲಿಸುತ್ತಲೇ ಇದ್ದರು. ಆಮೇಲೆ ಸಿಕ್ಕಿತು. ಟಕಟಕ ಎಂದು ಜೋರಾಗಿ ಓಡುತ್ತಿತ್ತು. ಸ್ಕ್ಯಾನೂ ಮಾಡಿದರು. ಕೂಸು ಚೆನ್ನಾಗಿದೆ, ಹೀಗಾದಾಗ ತಡ ಮಾಡದೆ ಬಂದದ್ದು ಒಳ್ಳೆಯದಾಯಿತು, ರಾತ್ರಿ ಇಲ್ಲೇ ಇರಲಿ ಎಂದರು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟೆ.

ಡಾಕ್ಟರಮ್ಮ ಆಚೆ ಹೋದ ಮೇಲೆ ತಡೆಯಲಾಗಲಿಲ್ಲ. ಮಗಳಿಗೆ ಎಲ್ಲ ಹೇಳಿದೆ: ಗಾಜಿನ ಅಂಗಡಿ, ಚೀಟಿ, ಕೆಚ್ಚಲು, ಅವಳ ಅಜ್ಜಿಯ ಮಾತು. ಅವಳು ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಸೀರೆಯ ಸೆರಗಿನಿಂದ ನನ್ನ ಮುಖ ಒರೆಸಿದಳು.

“ಮೊದಲಿನ ಎರಡೂ ಸಲ ನೀ ತಂದಿದ್ದು ಟಗರಿಂದೇ ಅಲ್ಲೇನಬೇ, ಅವ್ವಾ?”

ಆ ಡಬ್ಬಿಗಳನ್ನು ಕಟ್ಟಿದವಳೇ ನಾನು. ಎಷ್ಟು ಜೋಪಾನವಾಗಿ ನೋಡಿ ನೋಡಿ ತಂದಿದ್ದೆ. ಕಾಕಾ ಕಾಲೆತ್ತಿ ಗುರುತು ತೋರಿಸದೆ ಒಂದು ದಿನವೂ ಕೊಂಡಿರಲಿಲ್ಲ. ಆದರೂ ಹೋದವು. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ, ಆದರೆ ನಾನು ಅದರ ಹತ್ತಿರ ಹೋಗುತ್ತಿರಲಿಲ್ಲ. ಹೆಣ್ಣು ಕುರಿಯಿಂದಲ್ಲ ಎಂದಾದರೆ ಮತ್ತೆ ಯಾವುದರಿಂದ? ಏನನ್ನು ನೋಡಿ ತರಬೇಕು, ಯಾವುದನ್ನು ಮನೆಯೊಳಗೆ ಬಿಡಬಾರದು? ಕಾರಿನಲ್ಲಿ ಆದ ಹೆದರಿಕೆಗಿಂತ ಆ ಮಂಚದ ಪಕ್ಕದಲ್ಲಿ ಆದದ್ದು ದೊಡ್ಡದು. ಮಗಳು ಈ ಹೆದರಿಕೆಯನ್ನು ಮೊದಲಿನಿಂದಲೂ ಒಬ್ಬಳೇ ಹೊತ್ತುಕೊಂಡಿದ್ದಳು.

ಮುಂದಿನ ಭಾನುವಾರ ಕಾಕಾ ಆಳಂದದಿಂದ ಬಂದು ಅಂಗಡಿ ತೆಗೆದಿದ್ದ. ಮಗಳ ಹೆರಿಗೆಗೆ ಇನ್ನೂ ಏಳು ವಾರ ಇತ್ತು. ಏನಾದರೂ ಕೊಡು, ನೋಡುವುದಿಲ್ಲ ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಹೋಗಿದ್ದೆ.

“ಟಗರ ಐತ್ರೀ ಅಕ್ಕಾರ, ನೋಡ್ಕೋರಿ,” ಎಂದು ಅವನು ಎಂದಿನಂತೆ ಹಿಂಗಾಲು ಎತ್ತಿದ.

ನೋಡಿದೆ. ಅವನು ಕಲೀಜಿ ಕತ್ತರಿಸಿ, ತೂಗಿ, ಕಟ್ಟಿಕೊಡುವ ತನಕ ನೋಡುತ್ತಲೇ ಇದ್ದೆ.